ಅಳಿದವರು ಯಾರು?

ಮೊಬೈಲನ್ನು ಕನ್ನಡಕ್ಕೆ ತಿರುಗಿಸಿಕೊಂಡವರು ದಿನವೂ ಒತ್ತುವ ಪದವೊಂದಿದೆ: ‘ಅಳಿಸಿ’. ಬೇಡದ ಫೋಟೊ, ಓದದ ಮೆಸೇಜು, ತಪ್ಪಾಗಿ ಬರೆದ ಸಾಲು ಎಲ್ಲವೂ ಈ ಪದದ ಕೆಳಗೆ ಮಾಯ. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ, ವೈಟ್‌ಫೀಲ್ಡಿನ ಟೆಕ್‌ಪಾರ್ಕುಗಳಲ್ಲಿ ನಮ್ಮ ಹುಡುಗ ಹುಡುಗಿಯರು ಅದಕ್ಕೆ ‘ಡಿಲೀಟ್’ ಅನ್ನುತ್ತಾರೆ. ಅನ್ನಲಿ, ಅದರ ಬಗ್ಗೆ ನನಗೆ ತಕರಾರಿಲ್ಲ. ನಾನು ಗಮನಿಸುವುದು ಆ ಪದದ ಬಾಲವನ್ನು. ‘ಡಿಲೀಟ್ ಮಾಡಿದೆ’ ಅನ್ನುವವರು ಕಡಿಮೆ. ‘ಡಿಲೀಟ್ ಆಗೋಯ್ತು’ ಅನ್ನುವವರೇ ಹೆಚ್ಚು. ಫೈಲು ತಾನಾಗಿ ಹೋಯಿತು, ಯಾರ ಬೆರಳೂ ಅದಕ್ಕೆ ತಾಗಲಿಲ್ಲ.

‘ಅಳಿಸು’ ಎಂಬುದು ‘ಅಳಿ’ ಧಾತುವಿನಿಂದ ಹುಟ್ಟಿದ್ದು. ಅಳಿ ಅಂದರೆ ನಾಶವಾಗು, ಇಲ್ಲವಾಗು. ಅಳಿವು, ಅಳಿವು-ಉಳಿವು, ಅಳಿದುಳಿದ, ಅಳಿಗಾಲ ಎಲ್ಲ ಅದರ ಸಂಸಾರವೇ. ಶಿವರಾಮ ಕಾರಂತರ ಕಾದಂಬರಿಯ ಹೆಸರು ‘ಅಳಿದ ಮೇಲೆ’. ಅಲ್ಲಿ ಈ ಕ್ರಿಯಾಪದ ಮನುಷ್ಯನೊಬ್ಬನ ಸಾವಿಗೆ ನಿಂತಿದೆ. ಪತ್ರಿಕೆಗಳಲ್ಲಿ ಈಗ ಅದು ಹೆಚ್ಚಾಗಿ ಪ್ರಾಣಿಪಕ್ಷಿಗಳಿಗೆ ಮೀಸಲಾಗಿದೆ: ‘ಅಳಿವಿನಂಚಿನಲ್ಲಿರುವ ಪ್ರಭೇದ’. ಇನ್ನೊಂದು ‘ಅಳಿಸು’ ಕೂಡ ನಮ್ಮ ಮನೆಗಳಲ್ಲಿದೆ. ‘ತಮ್ಮನ್ನ ಅಳಿಸಬೇಡ್ವೋ’ ಎಂದು ಅಡುಗೆಮನೆಯಿಂದ ಅಮ್ಮ ಕೂಗುವಾಗ ಅದು ‘ಅಳು’ವಿನಿಂದ ಬಂದದ್ದು. ಒರೆಸಿಹಾಕುವುದಕ್ಕೂ ಕಣ್ಣೀರು ಹಾಕಿಸುವುದಕ್ಕೂ ಇವತ್ತಿನ ಕನ್ನಡದಲ್ಲಿ ಒಂದೇ ರೂಪ.

ಹಳಗನ್ನಡದಲ್ಲಿ ಇವೆರಡನ್ನೂ ಈಗಿನ ‘ಳ’ದಿಂದ ಬರೆಯುತ್ತಿರಲಿಲ್ಲ. ಅೞಿ, ಅೞು ಎಂದು ಬರೆಯುತ್ತಿದ್ದರು. ಈ ೞ ಅಕ್ಷರಕ್ಕೆ ವೈಯಾಕರಣರು ‘ರಳ’ ಎಂದರು. ತಮಿಳರು ತಮ್ಮ ನುಡಿಯ ಹೆಸರು ಹೇಳುವಾಗ ಕೊನೆಗೆ ನಾಲಿಗೆ ಮಡಿಸಿ ಹೊರಡಿಸುವ ದನಿ ಇದೇ. ಮಲಯಾಳಿಗಳ ಬಾಯಲ್ಲೂ ಅದು ಗಟ್ಟಿಯಾಗಿದೆ. ನಮ್ಮ ಬಾಯಿಂದ ಮಾತ್ರ ಜಾರಿಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಯಾವ ಯಾವ ಪದಗಳಲ್ಲಿ ೞ ಬರಬೇಕೆಂದು ಪಟ್ಟಿ ಮಾಡಿಕೊಟ್ಟ. ಪಟ್ಟಿ ಕೊಡಬೇಕಾಯಿತು ಅಂದರೆ ಆ ಹೊತ್ತಿಗೆ ಕಿವಿಗೆ ವ್ಯತ್ಯಾಸ ಕೇಳುವುದು ನಿಂತಿತ್ತು ಎಂದೇ ಅರ್ಥ. ಅಳಿವನ್ನು ಹೇಳುವ ಪದದೊಳಗಿನ ಅಕ್ಷರವೇ ಅಳಿಯಿತು. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ, ಆದರೆ ತಪ್ಪು ಹೆಸರಿನಲ್ಲಿ: ಅಲ್ಲಿ ಅದನ್ನು ಕನ್ನಡದ ‘ಎಫ್‌ಎ’ ಅಕ್ಷರ ಎಂದು ನಮೂದಿಸಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಆ ವ್ಯವಸ್ಥೆಯ ಕಟ್ಟುನಿಯಮ. ಹಾಗಾಗಿ ಪಕ್ಕದಲ್ಲಿ ತಿದ್ದುಪಡಿಯ ಅಡ್ಡಹೆಸರೊಂದನ್ನು ಸೇರಿಸಿದರು.

ಅಕ್ಷರಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಳೆಯ ‘ಅೞಿ’ಗೆ ಎರಡು ಮುಖ ಇದ್ದವು. ತಾನು ಅಳಿಯುವುದಕ್ಕೂ ಅದೇ, ಮತ್ತೊಂದನ್ನು ಅಳಿಯುವುದಕ್ಕೂ ಅದೇ. ಅಕರ್ಮಕವೂ ಹೌದು, ಸಕರ್ಮಕವೂ ಹೌದು. ಕ್ರಿ.ಶ. 450ರ ಸುಮಾರಿನದೆಂದು ಎಣಿಸುವ ಹಲ್ಮಿಡಿ ಶಾಸನದಲ್ಲೇ ಈ ಕ್ರಿಯಾಪದ ಇದೆ. ಕೊಟ್ಟ ದಾನವನ್ನು ‘ಅೞಿವೊನ್’, ಅಂದರೆ ಅಳಿಯುವವನು, ಮಹಾಪಾತಕಕ್ಕೆ ಗುರಿಯಾಗುತ್ತಾನೆ ಎಂಬ ಶಾಪ ಆ ಕಲ್ಲಿನಲ್ಲಿದೆ. ಆಮೇಲಿನ ನೂರಾರು ವರ್ಷಗಳ ದಾನಶಾಸನಗಳಲ್ಲಿ ಈ ಅಳಿದವನು ಮತ್ತೆಮತ್ತೆ ಬರುತ್ತಾನೆ. ಕೆರೆಯನ್ನು ಅಳಿದವನು, ಗದ್ದೆಯನ್ನು ಅಳಿದವನು, ಧರ್ಮವನ್ನು ಅಳಿದವನು. ಅವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕಲ್ಲು ಕೆತ್ತಿಸಿದ ಆ ಜನಕ್ಕೆ ಅಳಿವು ತಾನಾಗಿ ಆಗುವ ಸಂಗತಿಯಾಗಿರಲಿಲ್ಲ. ಅದಕ್ಕೊಬ್ಬ ಕರ್ತೃ ಇದ್ದ. ಅವನ ಹೆಸರು ಗೊತ್ತಿಲ್ಲದಿದ್ದರೂ ವಾಕ್ಯದಲ್ಲಿ ಅವನಿಗಾಗಿ ಜಾಗ ಬಿಡುತ್ತಿದ್ದರು.

ಈಗ ಆ ಜಾಗ ಖಾಲಿ. ವೈಟ್‌ಫೀಲ್ಡಿನ ಸುತ್ತಲಿನ ಹಳಬರನ್ನು ಕೇಳಿ, ಪೀಣ್ಯದ ಹಿಂದಿನ ಊರುಗಳವರನ್ನು ಕೇಳಿ. ‘ಇಲ್ಲೊಂದು ಕೆರೆ ಇತ್ತು. ಕೆರೆ ಹೋಯ್ತು, ಲೇಔಟ್ ಬಂತು’ ಅನ್ನುತ್ತಾರೆ. ‘ತೋಪು ಹೋಯ್ತು, ಗೋಡೌನ್ ಬಂತು.’ ಕೆರೆಗೆ ಕಾಲಿಲ್ಲ, ಲೇಔಟಿಗೂ ಇಲ್ಲ, ಆದರೂ ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಹೇಳುವವರದು ತಪ್ಪಲ್ಲ. ಎಷ್ಟೋ ಸಲ ಅವರಿಗೆ ಕರ್ತೃ ಯಾರೆಂದು ಚೆನ್ನಾಗಿ ಗೊತ್ತು, ಬಾಯಿಬಿಟ್ಟು ಹೇಳುವುದು ಕಷ್ಟ, ಅಷ್ಟೆ. ನಾನು ಹೆದರುವುದು ಈ ‘ಹೋಯ್ತು’ ಇಡೀ ಭಾಷೆಯ ಅಭ್ಯಾಸವಾಗಿಬಿಟ್ಟರೆ ಎಂದು.

ಹಕ್ಕಿಗಳ ವಿಷಯದಲ್ಲಿ ಅದು ಅಭ್ಯಾಸವಾಗಿದೆ. ಡೋಡೋ ಬಗ್ಗೆ ಮಕ್ಕಳಿಗೆ ನಾವು ಹೇಳುವುದು ಹೀಗೆ: ಮಾರಿಷಸ್ ದ್ವೀಪದಲ್ಲಿ ಹಾರಲಾರದ ಹಕ್ಕಿಯೊಂದಿತ್ತು, ಅದು ಅಳಿದುಹೋಯಿತು. ನಡೆದದ್ದು ಬೇರೆ. 1598ರಲ್ಲಿ ಡಚ್ ಹಡಗಿನವರು ಆ ದ್ವೀಪಕ್ಕೆ ಇಳಿದರು. ಹಡಗಿನ ಜೊತೆ ಇಲಿಗಳು ಬಂದವು, ಹಂದಿಗಳನ್ನು ಬಿಟ್ಟರು, ಮಂಗಗಳೂ ಸೇರಿಕೊಂಡವು. ನೆಲದ ಮೇಲೆ ಮೊಟ್ಟೆ ಇಡುವ, ಶತ್ರುವನ್ನೇ ಕಂಡಿರದ ಹಕ್ಕಿಯ ಗೂಡುಗಳನ್ನು ಅವು ಬರಿದುಮಾಡಿದವು. ಜನ ಕಾಡು ಕಡಿದರು. ಖಚಿತವೆಂದು ಒಪ್ಪುವ ಕೊನೆಯ ದರ್ಶನ 1662ರದು. ಅರವತ್ತೈದು ವರ್ಷವೂ ಹಿಡಿಯಲಿಲ್ಲ. ಈ ನಡುವೆ ಡೋಡೋ ನಮ್ಮ ದೇಶಕ್ಕೂ ಬಂದಿತ್ತು. ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಸೂರತ್ತಿನಲ್ಲಿ ಎರಡು ಡೋಡೋಗಳನ್ನು ನೋಡಿದ್ದಾಗಿ ಬರೆದಿಟ್ಟಿದ್ದಾನೆ. ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನದೆಂದು ಹೇಳಲಾಗುವ, 1625ರ ಸುಮಾರಿನ ಚಿತ್ರವೊಂದು ರಷ್ಯದ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಜೀವಂತ ಹಕ್ಕಿಯನ್ನು ಎದುರಿಗಿಟ್ಟುಕೊಂಡು ಬಣ್ಣ ಹಾಕಿದ ಡೋಡೋ ಚಿತ್ರಗಳು ಬಲು ಅಪರೂಪ, ತಜ್ಞರು ಇದನ್ನು ಅತ್ಯಂತ ನಂಬಲರ್ಹವಾದವುಗಳಲ್ಲಿ ಸೇರಿಸುತ್ತಾರೆ. ಇವತ್ತು ಬದುಕಿರುವ ಅದರ ಅತಿ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳ.

ನ್ಯೂಜಿಲೆಂಡಿನ ಮಾವೊರಿ ಜನರಿಗೆ ಮೋವಾ ಇತ್ತು. ಕತ್ತು ಎತ್ತಿದರೆ ಮೂರೂವರೆ ಮೀಟರು, ಇನ್ನೂರು ಕಿಲೊ ಮೀರುವ ಹೆಣ್ಣುಹಕ್ಕಿ. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಜನ ಅಲ್ಲಿಗೆ ದೋಣಿಯಲ್ಲಿ ಬಂದರು, ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಮೋವಾಗಳೆಲ್ಲ ಮುಗಿದಿದ್ದವು. ಪೂರ್ತಿ ಇಲ್ಲವಾದದ್ದನ್ನು ‘ಮೋವಾ ಇಲ್ಲವಾದಂತೆ’ ಎನ್ನುವ ಮಾತು ಮಾವೊರಿಯಲ್ಲಿ ಉಳಿದುಕೊಂಡಿದೆ. ತಿಂದು ಮುಗಿಸಿದವರ ಮಕ್ಕಳು ಅದನ್ನು ಮರೆಯದೆ ಗಾದೆಯಲ್ಲಿ ಇಟ್ಟುಕೊಂಡರು. ಅದಕ್ಕೆ ನನ್ನ ಗೌರವವಿದೆ.

ದ್ವೀಪದ ದೈತ್ಯಹಕ್ಕಿಗಳಲ್ಲಿ ಎಲ್ಲಕ್ಕಿಂತ ಭಾರದ್ದು ಮಡಗಾಸ್ಕರಿನದು. ಅಲ್ಲಿಗೆ ಹೋಗಲು ನಮಗೆ ಕನ್ನಡದ್ದೇ ದಾರಿಯಿದೆ. ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಜಾಗಕ್ಕೆ ‘ಅಳಿವೆ’ ಅನ್ನುತ್ತಾರೆ. ಕಿವಿಗೆ ನಮ್ಮ ಪದದ ನೆಂಟನಂತೆಯೇ ಕೇಳುವ ಪದ. ಮಲ್ಪೆಯ ಅಳಿವೆ ದಾಟಿ ದೋಣಿಯಲ್ಲಿ ಸ್ವಲ್ಪ ಹೊತ್ತು ಹೋದರೆ ಸೇಂಟ್ ಮೇರಿಸ್ ದ್ವೀಪ. ಅಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬಿಡಿಸಿಕೊಳ್ಳುತ್ತಿದ್ದಾಗ ಉಕ್ಕಿದ ಲಾವಾದಿಂದ ಆದವು. ಹಾಗೆ ಬಿಡಿಸಿಕೊಂಡು ಹೋದ ನೆಲದಲ್ಲಿ ಬಹಳ ಕಾಲದ ಮೇಲೆ ಆನೆಹಕ್ಕಿ ಬೆಳೆಯಿತು. ಮೂರು ಮೀಟರು ಎತ್ತರ, ಐನೂರು ಕಿಲೊಗೂ ಹೆಚ್ಚು ತೂಕ, ಒಂದೊಂದು ಮೊಟ್ಟೆಯಲ್ಲಿ ನೂರೈವತ್ತು ಕೋಳಿಮೊಟ್ಟೆಯಷ್ಟು ಹಿಡಿಯುತ್ತಿತ್ತು. ಸುಮಾರು ಒಂದು ಸಾವಿರ ವರ್ಷದ ಹಿಂದೆ ಅದು ಮುಗಿಯಿತು. ಬೇಟೆ, ಮೊಟ್ಟೆ ಎತ್ತುವುದು, ದನಕ್ಕಾಗಿ ಕಾಡು ಸುಡುವುದು, ಬದಲಾದ ಹವೆ ಎಲ್ಲ ಸೇರಿದವು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿ, ಬೆಂಗಳೂರಿನ ಹೆಸರು ಮೊದಲು ಕಾಣಿಸುವ ಕಲ್ಲನ್ನು ಒಂಬತ್ತನೆಯ ಶತಮಾನದ ಕೊನೆಗೆ ಕೆತ್ತುತ್ತಿದ್ದಾಗ ಆನೆಹಕ್ಕಿಗಳ ಕೊನೆಯ ತಲೆಮಾರುಗಳು ಬಹುಶಃ ಇನ್ನೂ ನಡೆದಾಡುತ್ತಿದ್ದವು. ನಮ್ಮ ನಾಲಿಗೆಯಿಂದ ೞ ಸಡಿಲಾಗುತ್ತಿದ್ದುದೂ ಹೆಚ್ಚುಕಡಿಮೆ ಆಗಲೇ.

ಈ ಹಕ್ಕಿಗೆ ‘ನಿರ್ನಾಮ’ ಎಂಬ ಪದ ಹೊಂದುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ಅಧಿಕಾರಿ ಫ್ಲಾಕೂರ್ ಅಲ್ಲಿನ ಜನರ ಬಾಯಿಂದ ‘ವೊರೊಂಪಾತ್ರ’ ಎಂಬ ದೊಡ್ಡ ಹಕ್ಕಿಯ ಹೆಸರು ಕೇಳಿ ಬರೆದುಕೊಂಡ. ಹಕ್ಕಿ ಹೋದರೂ ನಾಮ ಉಳಿದಿತ್ತು.

ಅಳಿಸಿದ ಫೋಟೊ ಮೂವತ್ತೋ ಅರವತ್ತೋ ದಿನ ಫೋನಿನ ಕಸದಬುಟ್ಟಿಯಲ್ಲಿದ್ದು ಬೇಕೆಂದರೆ ವಾಪಸು ಬರುತ್ತದೆ. ಅಮೆರಿಕದ ಕೊಲಾಸಲ್ ಎಂಬ ಕಂಪನಿ 2023ರಲ್ಲಿ ಡೋಡೋವನ್ನು, 2025ರಲ್ಲಿ ಮೋವಾವನ್ನು ಹಾಗೆಯೇ ವಾಪಸು ತರುತ್ತೇನೆಂದು ಸಾರಿದೆ. ಡೋಡೋ ವಿಷಯದಲ್ಲಿ ಅವರು ಮಾಡಹೊರಟಿರುವುದು ನಿಕೋಬಾರ್ ಪಾರಿವಾಳದ ಜೀವಕೋಶದಲ್ಲಿ ಡೋಡೋವಿನ ವಂಶವಾಹಿಗಳನ್ನು ತಿದ್ದಿ ಬರೆಯುವ ಕೆಲಸ. ವಿಜ್ಞಾನವಾಗಿ ಅದು ದೊಡ್ಡದೇ. ಆದರೆ ಹುಟ್ಟುವ ಮರಿ ಡೋಡೋವಿನ ಮರಿಯಲ್ಲ, ಅದಕ್ಕೆ ನಡೆಯುವುದನ್ನು ಕಲಿಸುವ ತಾಯಿಯೂ ಇರುವುದಿಲ್ಲ. ಕನ್ನಡದ ಅಳಿವಿಗೆ ‘ಅನ್‌ಡೂ’ ಇಲ್ಲ.

ಈಗ ನಮ್ಮ ನೆಲದ ಹಕ್ಕಿ. ಕರ್ನಾಟಕಕ್ಕೂ ಒಂದು ದೈತ್ಯಪಕ್ಷಿ ಇದೆ: ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಎರೆಭೂತ. ಎರೆ ಅಂದರೆ ಕಪ್ಪುಮಣ್ಣು, ಅದು ಆ ಹೊಲಗಳ ಭೂತ. ಒಂದು ಮೀಟರು ಎತ್ತರ, ಗಂಡು ಹದಿನೈದು ಕಿಲೊವರೆಗೂ ತೂಗುತ್ತದೆ. ಹಾರುತ್ತದೆ, ಆದರೆ ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದ್ದವುಗಳ ಸಾಲಿನದು. ಹೆಚ್ಚಿನ ಹೊತ್ತು ನೆಲದ ಮೇಲೆ ನಡೆದೇ ಬದುಕುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಬದುಕುವ ರೀತಿಯಲ್ಲಿ ಡೋಡೋಗೂ ಇದಕ್ಕೂ ದೂರ ಕಡಿಮೆ. ಸುತ್ತ ಕಡಲು ಇಲ್ಲದಿದ್ದರೂ ಇದೂ ದ್ವೀಪವಾಸಿಯೇ: ಹುಲ್ಲುಬಯಲಿನ ತುಂಡುಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡಿದೆ. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು.

ರಾಣೆಬೆನ್ನೂರಿನಲ್ಲೂ ಇದ್ದವು. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು. ಆದರೆ ಹುಲ್ಲುಬಯಲಿನ ಬಹುಪಾಲು ನೀಲಗಿರಿ ನೆಡುತೋಪಾಗಿತ್ತು. ದೂರಕ್ಕೆ ಕಣ್ಣುಹಾಯಿಸಿ ಅಪಾಯ ಅರಿಯುವ ಹಕ್ಕಿಗೆ ಮರದ ಗುಂಪು ಆಗುವುದಿಲ್ಲ. ಮರ ನೆಟ್ಟವರು ಕೇಡು ಬಯಸಿದವರಲ್ಲ. ಹಸಿರು ಮಾಡುತ್ತಿದ್ದೇವೆ ಎಂದೇ ನಂಬಿದ್ದರು. ಹುಲ್ಲುಗಾವಲನ್ನು ಕಂದಾಯದ ಕಡತ ‘ಬಂಜರು’, ‘ಖರಾಬು’ ಎಂದು ಕರೆಯುತ್ತದೆ, ಆ ಪದವೇ ಅವರಿಗೆ ಅಪ್ಪಣೆ ಕೊಟ್ಟಿತು. ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆ ಬಂದು ಭತ್ತದ ಗದ್ದೆಗಳಾದವು. ಅನ್ನ ಬೆಳೆದ ರೈತನನ್ನು ದೂರುವ ಮನಸ್ಸು ನನಗಿಲ್ಲ. ಪಶ್ಚಿಮದ ರಾಜ್ಯಗಳಲ್ಲಿ ಎರೆಭೂತಗಳನ್ನು ಕೊಲ್ಲುತ್ತಿರುವುದು ವಿದ್ಯುತ್ ತಂತಿ. ಹಕ್ಕಿಯ ಕಣ್ಣುಗಳು ತಲೆಯ ಪಕ್ಕಕ್ಕಿವೆ, ಎದುರಿನ ತಂತಿ ಹತ್ತಿರ ಬರುವವರೆಗೆ ಕಾಣದು, ಕಂಡ ಮೇಲೆ ಅಷ್ಟು ಭಾರದ ಮೈಯನ್ನು ತಿರುಗಿಸಲಾಗದು. 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತು, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಬೆಂಗಳೂರಿಗೂ ಇದು ದೂರದ ಕತೆಯಲ್ಲ. ಪೀಣ್ಯದ ಕಾರ್ಖಾನೆಗಳಿಂದ ವಾಯವ್ಯಕ್ಕೆ ಹೊರಟರೆ ಹೆಸರಘಟ್ಟ. 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ನಗರಕ್ಕೆ ಕೊಳವೆಯಲ್ಲಿ ನೀರು ತಂದ ಊರು. ಅದರ ಪಕ್ಕದ ಹುಲ್ಲುಗಾವಲಿನಲ್ಲಿ ಎರೆಭೂತದ ಕುಟುಂಬದ್ದೇ ಆದ ಸಣ್ಣ ಹಕ್ಕಿ, ಲೆಸ್ಸರ್ ಫ್ಲೋರಿಕನ್, ಈ ಶತಮಾನದಲ್ಲೇ ಕಾಣಿಸಿಕೊಂಡು ಪಕ್ಷಿವೀಕ್ಷಕರನ್ನು ಬೆರಗಾಗಿಸಿತು. ಅಲ್ಲಿನ ಐದು ಸಾವಿರ ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು, 2024ರಲ್ಲಿ ಒಪ್ಪಿತು. ತಳ್ಳಿಹಾಕಿದವರಿಗೂ ಹೆಸರಿದೆ, ಬಿಡದೆ ಕೇಳಿ ಒಪ್ಪಿಸಿದವರಿಗೂ ಇದೆ. ಇಲ್ಲಿ ಏನೂ ತಾನಾಗಿ ಹೋಗಲಿಲ್ಲ, ತಾನಾಗಿ ಬರಲಿಲ್ಲ.

ಆದ್ದರಿಂದ ವರದಿ ಬರೆಯುವವರಲ್ಲಿ, ಪಠ್ಯಪುಸ್ತಕ ತಯಾರಿಸುವವರಲ್ಲಿ ನನ್ನದೊಂದು ಕೋರಿಕೆ. ‘ಎರೆಭೂತ ಅಳಿವಿನಂಚಿನಲ್ಲಿದೆ’ ಎಂದು ಬರೆದು ನಿಲ್ಲಿಸಬೇಡಿ. ಹಲ್ಮಿಡಿಯ ಕಲ್ಲುಕುಟಿಗನಿಗೆ ಗೊತ್ತಿದ್ದ ವ್ಯಾಕರಣವನ್ನು ಮತ್ತೆ ಬಳಸಿ, ಕ್ರಿಯಾಪದಕ್ಕೆ ಅದರ ಕರ್ತೃವನ್ನು ಕೊಡಿ: ಹುಲ್ಲುಬಯಲನ್ನು ಖರಾಬು ಎಂದು ಬರೆದ ನಾವು, ಅದರಲ್ಲಿ ನೀಲಗಿರಿ ನೆಟ್ಟ ನಾವು, ಅದರ ಮೇಲೆ ತಂತಿ ಎಳೆದ ನಾವು ಎರೆಭೂತವನ್ನು ಅಳಿಯುತ್ತಿದ್ದೇವೆ. ಸಿರುಗುಪ್ಪದಲ್ಲಿ ಕೆಲವು ಇನ್ನೂ ಇವೆ.