ಲವಣ ಮತ್ತು ಮೂರನೆಯ ಅವಸ್ಥೆ

ಟಿಳಕವಾಡಿಯ ಗೋವಿಂದರಾಮ ಸೆಕ್ಸರಿಯಾ ವಿಜ್ಞಾನ ಕಾಲೇಜಿನಲ್ಲಾಗಲಿ ಬೇರೆಡೆಯಾಗಲಿ, ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಇದು ಆರಂಭದ ಪಾಠ: ಹೈಡ್ರೋಕ್ಲೋರಿಕ್ ಆಮ್ಲವೂ ಕಾಸ್ಟಿಕ್ ಸೋಡಾ ಎಂಬ ಕ್ಷಾರವೂ ಸಮತುಲ್ಯ ಪ್ರಮಾಣದಲ್ಲಿ ಕೂಡಿದರೆ, ಎರಡರ ಸುಡುವ ಗುಣವೂ ಅಳಿದು ಅಡುಗೆಯ ಉಪ್ಪು ಮತ್ತು ನೀರು ಉಳಿಯುತ್ತವೆ. ಆಮ್ಲವು ಪ್ರತ್ಯಾಮ್ಲದೊಡನೆ ಕೂಡಿ ಲವಣವಾಗುವುದೆಂಬ ಲಕ್ಷಣವನ್ನು 1754ರಲ್ಲಿ ಫ್ರಾನ್ಸಿನ ರುಯೆಲ್ ಸ್ಪಷ್ಟಪಡಿಸಿದನು.

ಈ ಅನುಭವ ನಮ್ಮ ಪ್ರಾಚೀನ ವೈದ್ಯರಿಗೂ ಇತ್ತು. ಕ್ಷಾರದಿಂದ ಸುಟ್ಟಲ್ಲಿ ಹುಳಿಯಾದ ದ್ರವವನ್ನು ಹಾಕಿದರೆ ಕ್ಷಾರದ ತೀಕ್ಷ್ಣತೆ ಶಮನವಾಗುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಕಾರಣವನ್ನು ರಸಗಳ ಸ್ವಭಾವದಲ್ಲಿ ಹುಡುಕುತ್ತದೆ. ಅಳಿದುದನ್ನು ವೈದ್ಯರು ಕಂಡರು. ಹುಟ್ಟಿದುದು ಏನೆಂಬುದು ತತ್ತ್ವಜ್ಞರ ಪ್ರಶ್ನೆ.

ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಹತ್ತಿರದ ವಿಚಾರವಿದೆ. ಸ್ನಿಗ್ಧ, ರೂಕ್ಷ ಗುಣಗಳಿಂದ ಪರಮಾಣುಗಳು ಬಂಧಗೊಂಡಾಗ ಹಿಂದಿನ ಅವಸ್ಥೆಗಳು ಜಾರಿ ಮೂರನೆಯ ಅವಸ್ಥೆಯೊಂದು ಮೂಡುವುದೆಂದು ಅವರು ವಿವರಿಸುತ್ತಾರೆ. ಉಪ್ಪಿನ ಹುಟ್ಟನ್ನು ನೆನಪಿಸುವ ಮಾತಿದು. ಆದರೆ ಅವರ ಮತದಲ್ಲಿ ಬಂಧಕ್ಕೆ ಗುಣಾಂಶಗಳಲ್ಲಿ ಎರಡರ ಅಂತರ ಬೇಕು, ಸಮಾನರಿಗೆ ಬಂಧವಿಲ್ಲ. ಪ್ರಯೋಗಶಾಲೆಯಲ್ಲಾದರೋ ಸಮತೆಯೇ ಗುರಿ. ಆದ್ದರಿಂದ ಶಾಸ್ತ್ರದಲ್ಲಿ ಆಧುನಿಕ ರಸಾಯನವನ್ನು ಓದಿಕೊಳ್ಳುವುದು ಸಲ್ಲದು. ಕೂಡಿದ ಎರಡು ದ್ರವ್ಯಗಳು ಹೊಸ ಜನ್ಮ ಪಡೆಯಬಲ್ಲವೆಂದು ಕಂಡ ಆಚಾರ್ಯರ ಹಿರಿಮೆಗೆ ಅಂತಹ ಸಮರ್ಥನೆಯ ಅಗತ್ಯವೂ ಇಲ್ಲ.