ಹಿಟ್ಟಿನ ಬಲಿ: ಪ್ರಾಚೀನ ಇಸ್ರೇಲಿನಲ್ಲಿಯೂ ಹೊಯ್ಸಳ ನಾಡಿನಲ್ಲಿಯೂ

ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಲ್ಲಿ ಗ್ರಾಮದೇವತೆಗೂ ಬನದ ಚೌಡಿಗೂ ಕೋಳಿ ಕುರಿಗಳನ್ನು ಒಪ್ಪಿಸುವ ವಾಡಿಕೆ ಬಹುಕಾಲದಿಂದ ಬಂದುದು. ಅದರ ಮಗ್ಗುಲಲ್ಲಿಯೇ, ಬೂದುಗುಂಬಳಕಾಯಿಯನ್ನು ಒಡೆದು ಕುಂಕುಮ ಸವರಿ ಅದನ್ನೇ ಬಲಿಯೆಂದು ಕರೆಯುವ ರೂಢಿಯೂ ಉಂಟು. ಪ್ರಾಣಿಯ ಎಡೆಯಲ್ಲಿ ಪ್ರಾಣವಿಲ್ಲದ ವಸ್ತುವನ್ನಿಟ್ಟರೆ ಬಲಿಯು ಬಲಿಯಾಗಿಯೇ ಉಳಿಯುವುದೇ? ಈ ಪ್ರಶ್ನೆಗೆ ಪ್ರಾಚೀನ ಇಸ್ರೇಲೂ ಹೊಯ್ಸಳ ಕಾಲದ ಕನ್ನಡನಾಡೂ ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಹೀಬ್ರೂ ಧರ್ಮಶಾಸ್ತ್ರದ ಯಾಜಕಕಾಂಡವು ಮುಖ್ಯವಾಗಿ 5 ಬಗೆಯ ಅರ್ಪಣೆಗಳನ್ನು ವಿಧಿಸುತ್ತದೆ: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕ ಯಜ್ಞ ಮತ್ತು ಪ್ರಾಯಶ್ಚಿತ್ತಯಜ್ಞ. ಸರ್ವಾಂಗಹೋಮದಲ್ಲಿ ತೊಗಲೊಂದನ್ನುಳಿದು ಪಶುವೆಲ್ಲ ವೇದಿಕೆಯ ಮೇಲೆ ದಹಿಸಿಹೋಗುತ್ತಿತ್ತು. ಸಮಾಧಾನಯಜ್ಞದಲ್ಲಾದರೋ ಕೊಬ್ಬು ವೇದಿಕೆಗೆ, ಒಂದು ಪಾಲು ಯಾಜಕನಿಗೆ, ಉಳಿದ ಮಾಂಸ ಅರ್ಪಿಸಿದವನಿಗೂ ಅವನ ಮನೆಯವರಿಗೂ ಸಲ್ಲುತ್ತಿತ್ತು. ನಮ್ಮ ಬೆಟ್ಟದೂರುಗಳ ಹರಕೆಯ ಊಟಕ್ಕೆ ಸಮೀಪವಾದುದು ಇದು. ಪ್ರಾಣವು ರಕ್ತದಲ್ಲಿರುವುದರಿಂದ ಪಾಪಪರಿಹಾರವು ರಕ್ತದಿಂದಲೇ ಆಗತಕ್ಕದ್ದೆಂಬುದು ಆ ಗ್ರಂಥದ ಸಾಮಾನ್ಯ ನಿಯಮ.

ಆದರೆ 5ನೆಯ ಅಧ್ಯಾಯದಲ್ಲಿ ಈ ನಿಯಮಕ್ಕೆ ಗಮನಾರ್ಹವಾದ ಅಪವಾದವಿದೆ. ಕುರಿ ಅಥವಾ ಮೇಕೆಯನ್ನು ತರಲಾರದವನು 2 ಬೆಳವಕ್ಕಿಗಳನ್ನಾಗಲಿ ಪಾರಿವಾಳದ ಮರಿಗಳನ್ನಾಗಲಿ ತರಬಹುದು. ಅದಕ್ಕೂ ಗತಿಯಿಲ್ಲದವನು ಏಫಾ ಅಳತೆಯ ಹತ್ತನೆಯ ಒಂದಂಶದಷ್ಟು ಗೋದಿಹಿಟ್ಟನ್ನು ತಂದರೆ ಸಾಕು. ಅದರ ಮೇಲೆ ಎಣ್ಣೆ ಹೊಯ್ಯಬಾರದು, ಧೂಪ ಇಡಬಾರದು. ಯಾಜಕನು ಒಂದು ಹಿಡಿಯನ್ನು ಅಗ್ನಿಗೆ ಹಾಕಿದರೆ ಬಡವನ ದೋಷ ಪರಿಹಾರವಾಯಿತು. ರಕ್ತವಿಲ್ಲದ ಈ ಹಿಟ್ಟು ಕುರಿಗೆ ಸಮನಾಗಿ ಎಣಿಸಲ್ಪಟ್ಟಿತು.

ಇನ್ನು ನಮ್ಮ ನಾಡಿನ ಮಾತು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜೈನಕವಿ ಜನ್ನನು 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದನು. ಅಂದಿನ ರಾಜಧಾನಿ ದೋರಸಮುದ್ರವು ಇಂದಿನ ಹಾಸನ ಜಿಲ್ಲೆಯ ಹಳೇಬೀಡು. ಯಶೋಧರನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಅರ್ಪಿಸುತ್ತಾನೆ. ಅಷ್ಟರಿಂದಲೇ ತಾಯಿಮಕ್ಕಳಿಬ್ಬರೂ ಅನೇಕ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ಕತ್ತಿ ಹಿಟ್ಟನ್ನು ಸೀಳಿದರೂ ಸಂಕಲ್ಪವು ಜೀವವನ್ನು ಸೀಳಿತೆಂಬುದು ಕವಿಯ ನಿಲುವು. ಅದೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರ ಪರಂಪರೆಯು ಯಜ್ಞದಲ್ಲಿ ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನೇ, ಗ್ರಾಹ್ಯವೆಂದು ಎತ್ತಿಹಿಡಿಯಿತು.

ಹಿಟ್ಟು ಒಂದೇ, ತೀರ್ಪು ಮೂರು. ಇಸ್ರೇಲಿನ ಶಾಸ್ತ್ರಕಾರನ ಕಣ್ಣು ಬಡವನ ಬರಿಗೈಯ ಮೇಲಿತ್ತು. ಮಾಧ್ವರದು ಯಜ್ಞವೂ ಉಳಿದು ಪಶುವೂ ಉಳಿಯುವ ಉಪಾಯದ ಮೇಲೆ. ಜನ್ನನದು ಅರ್ಪಿಸುವವನ ಅಂತರಂಗದ ಮೇಲೆ. ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದ ಬಳಿಕ ಯೆಹೂದ್ಯರಲ್ಲಿ ಬಲಿಯ ಸ್ಥಾನವನ್ನು ಪ್ರಾರ್ಥನೆ ಪಡೆಯಿತು. ಗೆರಿಜಿಮ್ ಬೆಟ್ಟದ ಸಮಾರ್ಯರು ಮಾತ್ರ ಇಂದಿಗೂ ಪಸ್ಕದ ಕುರಿಯನ್ನು ಕಡಿಯುತ್ತಾರೆ.

ನಮ್ಮ ರಾಜ್ಯದ 1959ರ ಪ್ರಾಣಿಬಲಿ ನಿಷೇಧ ಶಾಸನವು ದೇವರನ್ನು ಒಲಿಸುವ ಉದ್ದೇಶದಿಂದ ಪ್ರಾಣಿಯನ್ನು ಕೊಲ್ಲುವುದನ್ನೂ ಊನಗೊಳಿಸುವುದನ್ನೂ ಬಲಿಯೆಂದು ಕರೆಯುತ್ತದೆ. ಶಾಸನದ ದೃಷ್ಟಿಯಲ್ಲಿ ಕುಂಬಳಕಾಯಿ ನಿರ್ದೋಷಿ, ಜನ್ನನ ದೃಷ್ಟಿಯಲ್ಲಿ ಅಲ್ಲ. ಬೆಟ್ಟದೂರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ತನ್ನ ಮನೆಯ ಹರಕೆಯನ್ನು ನಾಚಿ ಮರೆಮಾಚಬೇಕಾದುದಿಲ್ಲ, ಕುರುಡಾಗಿ ಸಮರ್ಥಿಸಬೇಕಾದುದೂ ಇಲ್ಲ. ಅವನ ಅಜ್ಜಿ ಕೋಳಿಯ ಬದಲು ಕುಂಬಳಕಾಯಿಯನ್ನು ಕೈಗೆತ್ತಿಕೊಂಡಾಗ ಕೇಳಿದ ಪ್ರಶ್ನೆಯು ಯಾಜಕಕಾಂಡದಷ್ಟೇ ಹಳೆಯದು.