ಬಿಟ್ಟು ಹೋಗುವ ಹಕ್ಕು

1973ರ ಸೆಪ್ಟೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್‌ಕೀಪರ್ ಕೆನ್ ಡ್ರೈಡನ್ ಮುಂದಿನ ಋತುವಿನಲ್ಲಿ ತಾವು ಆಡುವುದಿಲ್ಲವೆಂದು ತಿಳಿಸಿದರು. ಆಗ ಅವರಿಗೆ 26 ವರ್ಷ. ಕೆಲವೇ ತಿಂಗಳ ಹಿಂದೆ ಅವರ ತಂಡ ಸ್ಟಾನ್ಲಿ ಕಪ್ ಗೆದ್ದಿತ್ತು, ಆ ಸಾಲಿನ ಅತ್ಯುತ್ತಮ ಗೋಲ್‌ಕೀಪಿಂಗ್‌ಗೆ ಕೊಡುವ ವೆಜಿನಾ ಪ್ರಶಸ್ತಿಯೂ ಅವರಿಗೇ ಬಂದಿತ್ತು. ಗಾಯವಾಗಿರಲಿಲ್ಲ, ಆಟದ ಮೇಲೆ ಬೇಸರವೂ ಬಂದಿರಲಿಲ್ಲ. ಸಂಬಳದ ಮಾತುಕತೆ ಮುರಿದುಬಿದ್ದಿತ್ತು, ಅಷ್ಟೆ. ಅವರು ಟೊರಾಂಟೊದ ಒಂದು ವಕೀಲರ ಸಂಸ್ಥೆಯಲ್ಲಿ ವಾರಕ್ಕೆ 134 ಡಾಲರ್ ಸಂಬಳಕ್ಕೆ ಜೂನಿಯರ್ ಆಗಿ ಸೇರಿಕೊಂಡರು.

ನಮ್ಮಲ್ಲಿ ಹಾಕಿ ಎಂದರೆ ಹುಲ್ಲಿನ ಅಥವಾ ಟರ್ಫ್‌ನ ಮೈದಾನ. ಕೆನಡಾದಲ್ಲಿ ಬರಿದೇ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. ಅಲ್ಲಿ ಈ ಆಟಕ್ಕೆ ನಮ್ಮಲ್ಲಿ ಕ್ರಿಕೆಟ್‌ಗಿರುವಂಥ ಸ್ಥಾನ. ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಇದರ ದೊಡ್ಡ ವೃತ್ತಿಪರ ವೇದಿಕೆ. ಸ್ಟಾನ್ಲಿ ಕಪ್ ಅದರ ಕೊನೆಯ ಬಹುಮಾನ. ಆ ಕಪ್ ಗೆದ್ದ ಗೋಲ್‌ಕೀಪರ್ ಕಡತ ಹೊರುವ ಕೆಲಸಕ್ಕೆ ಹೋದದ್ದು ಕೆನಡಾದವರಿಗೆ ನಂಬಲಾಗದ ಸುದ್ದಿಯಾಯಿತು.

ಡ್ರೈಡನ್ ಹುಟ್ಟಿದ್ದು 1947ರಲ್ಲಿ, ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿ. ಆ ಕಾಲದ ಒಳ್ಳೆಯ ಆಟಗಾರರು ಹದಿನಾರು ಹದಿನೇಳಕ್ಕೇ ಜೂನಿಯರ್ ಲೀಗ್ ಸೇರಿ, ಓದನ್ನು ಅರ್ಧಕ್ಕೆ ಬಿಟ್ಟು, ವೃತ್ತಿಪರ ತಂಡದ ಕರೆಗೆ ಕಾಯುತ್ತಿದ್ದರು. 1964ರಲ್ಲಿ ಬಾಸ್ಟನ್ ತಂಡ ಡ್ರೈಡನ್ ಅವರನ್ನು ಆರಿಸಿಕೊಂಡು, ಕೂಡಲೇ ಅವರ ಮೇಲಿನ ಹಕ್ಕನ್ನು ಮಾಂಟ್ರಿಯಲ್‌ಗೆ ದಾಟಿಸಿತು. ಡ್ರೈಡನ್ ಮಾತ್ರ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಇತಿಹಾಸ ಓದಿದರು, ಕಾಲೇಜು ತಂಡಕ್ಕೂ ಆಡಿದರು. ಬಳಿಕ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದರು. 1971ರ ವಸಂತದಲ್ಲಿ ಮುಖ್ಯ ತಂಡದಿಂದ ಕರೆ ಬಂದಾಗ ಅವರಿನ್ನೂ ಕಾನೂನು ವಿದ್ಯಾರ್ಥಿ. ಲೀಗ್ ಹಂತದಲ್ಲಿ ಆರೇ ಪಂದ್ಯ ಆಡಿದ್ದ ಅವರನ್ನು ತಂಡ ಪ್ಲೇಆಫ್‌ಗೆ ಇಳಿಸಿತು. ಹಿಂದಿನ ವರ್ಷದ ಚಾಂಪಿಯನ್ ಬಾಸ್ಟನ್ ಮೊದಲ ಸುತ್ತಿನಲ್ಲೇ ಸೋತಿತು, ಕಪ್ ಮಾಂಟ್ರಿಯಲ್‌ಗೆ ಬಂತು, ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಡ್ರೈಡನ್‌ಗೆ ಸಿಕ್ಕಿತು. 1973ರಲ್ಲಿ ಅವರ ಕಾನೂನು ಪದವಿಯೂ ಮುಗಿಯಿತು.

ಅವರು ಸಂಬಳಕ್ಕಾಗಿ ಪಟ್ಟು ಹಿಡಿದದ್ದು ಆಟಗಾರರ ಕರಾರಿನ ಸ್ವರೂಪವೇ ಬದಲಾಗುತ್ತಿದ್ದ ಹೊತ್ತಿನಲ್ಲಿ. ಎನ್‌ಎಚ್‌ಎಲ್ ಕರಾರಿನಲ್ಲಿ ಮೀಸಲು ಷರತ್ತು ಎಂಬುದೊಂದಿತ್ತು. ಅವಧಿ ಮುಗಿದ ಮೇಲೂ ಆಟಗಾರನ ಮೇಲಿನ ಹಕ್ಕು ಹಳೆಯ ತಂಡದ್ದೇ. ಅವನು ಅಲ್ಲೇ ಆಡಬೇಕು, ಇಲ್ಲವೇ ಆಟವನ್ನೇ ಬಿಡಬೇಕು. ಮಾಲೀಕ ಬೇಕಾದರೆ ಅವನನ್ನು ಬೇರೆ ಊರಿಗೆ ಮಾರಬಹುದಿತ್ತು. ಅವನಾಗಿ ಬೇರೆ ಊರಿಗೆ ಹೋಗುವಂತಿರಲಿಲ್ಲ. 1972ರಲ್ಲಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಎದುರಾಳಿ ಲೀಗ್ ಕಣಕ್ಕಿಳಿಯಿತು. ಷಿಕಾಗೊ ತಂಡದ ತಾರೆ ಬಾಬಿ ಹಲ್ ಹತ್ತು ಲಕ್ಷ ಡಾಲರ್ ಮುಂಗಡ ಪಡೆದು ಆ ಲೀಗಿನ ವಿನ್ನಿಪೆಗ್ ತಂಡ ಸೇರಿದರು. ವಿವಾದ ಕೋರ್ಟಿಗೆ ಹೋಯಿತು. ಅದೇ ನವೆಂಬರಿನಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶ ಲಿಯಾನ್ ಹಿಗಿನ್‌ಬಾಥಮ್, ಹೊಸ ಲೀಗಿಗೆ ಹೋಗುವ ಆಟಗಾರರನ್ನು ಈ ಷರತ್ತಿನ ಬಲದಿಂದ ಎನ್‌ಎಚ್‌ಎಲ್ ತಡೆಯಬಾರದೆಂದು ಆದೇಶಿಸಿದರು. ಸಂಬಳಗಳು ಒಮ್ಮೆಲೇ ಏರಿದವು.

ಡ್ರೈಡನ್ ಎದುರಾಳಿ ಲೀಗಿಗೆ ಹೋಗಲಿಲ್ಲ. ಅವರಿಗೆ ಹೋಗಲು ಇನ್ನೊಂದು ಬಾಗಿಲಿತ್ತು. ಶಾಲೆ ಬಿಟ್ಟು ಬಂದ ಆಟಗಾರ ಮಾಲೀಕನ ಮುಂದೆ ಕುಳಿತಾಗ, ಆಟ ಬಿಟ್ಟರೆ ತನಗೆ ಬೇರೆ ಕಸುಬಿಲ್ಲ ಎಂಬುದು ಅವನಿಗೂ ಗೊತ್ತು, ಎದುರು ಕೂತವನಿಗೂ ಗೊತ್ತು. ಕಾನೂನು ಪದವಿ ಡ್ರೈಡನ್‌ಗೆ ಕರಾರು ಓದುವುದನ್ನು ಕಲಿಸಿದ್ದಕ್ಕಿಂತ, ಅದಕ್ಕೆ ಸಹಿ ಹಾಕದೆ ಎದ್ದು ಬರುವ ಅನುಕೂಲ ಕೊಟ್ಟದ್ದೇ ಹೆಚ್ಚು. ಬಿಟ್ಟು ಹೋಗುವ ಹಕ್ಕು ಕಾಗದದ ಮೇಲೆ ಎಲ್ಲರಿಗೂ ಇರುತ್ತದೆ. ಹೋಗಲೊಂದು ಜಾಗ ಇದ್ದವರಿಗೆ ಮಾತ್ರ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮಾಂಟ್ರಿಯಲ್‌ಗೆ ಲೆಕ್ಕ ಬೇಗ ತಿಳಿಯಿತು. ಹಿಂದಿನ ಸಾಲಿನಲ್ಲಿ 184 ಗೋಲು ಬಿಟ್ಟುಕೊಟ್ಟಿದ್ದ ತಂಡ ಈ ಸಾಲಿನಲ್ಲಿ 240 ಬಿಟ್ಟುಕೊಟ್ಟು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ನ್ಯೂಯಾರ್ಕ್ ರೇಂಜರ್ಸ್‌ಗೆ ಸೋತಿತು. ಡ್ರೈಡನ್ 1974ರಲ್ಲಿ ಮರಳಿ ಬಂದರು. 1976ರಿಂದ 1979ರವರೆಗೆ ತಂಡ ಸತತ ನಾಲ್ಕು ಬಾರಿ ಕಪ್ ಗೆದ್ದಿತು. 1979ರಲ್ಲಿ, 32ನೇ ವಯಸ್ಸು ತುಂಬುವ ಮೊದಲೇ, ಅವರು ನಿವೃತ್ತರಾದರು. ಲೀಗ್ ಹಂತದ 397 ಪಂದ್ಯಗಳಲ್ಲಿ ಅವರು ಸೋತದ್ದು 57 ಮಾತ್ರ.

ಹಾಕಿಯಲ್ಲಿ ವಕೀಲರಿಗೆ ಬರವಿರಲಿಲ್ಲ. 1946ರಿಂದ 1977ರವರೆಗೆ ಎನ್‌ಎಚ್‌ಎಲ್ ಅಧ್ಯಕ್ಷರಾಗಿದ್ದ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ವಕೀಲರು. ಅವರನ್ನು ನೇಮಿಸಿದವರು ತಂಡಗಳ ಮಾಲೀಕರು, ಅವರು ಕಾಯುತ್ತಿದ್ದ ನಿಯಮಗಳೂ ಮಾಲೀಕರವೇ. 1967ರಲ್ಲಿ ಆಟಗಾರರ ಸಂಘ ಕಟ್ಟಿದ ಅಲನ್ ಈಗಲ್ಸನ್ ಕೂಡ ವಕೀಲರು. ಕಾಲು ಶತಮಾನ ಆಟಗಾರರ ಪರವಾಗಿ ಮಾತಾಡಿದ ಅವರು 1998ರಲ್ಲಿ ವಂಚನೆಯ ಆರೋಪಗಳನ್ನು ಒಪ್ಪಿಕೊಂಡು ಜೈಲಿಗೆ ಹೋದರು. ವಕೀಲಿಕೆಯ ಸನ್ನದೂ ಹೋಯಿತು. ಒಬ್ಬರು ಮಾಲೀಕರ ವಕೀಲ, ಇನ್ನೊಬ್ಬರು ಆಟಗಾರರ ವಕೀಲ. ಆಟಗಾರನಾಗಿ ಮಾಲೀಕರ ಎದುರು ನಿಂತ ವಕೀಲನೇ ಮಾಲೀಕರ ಕಡೆಯ ಕುರ್ಚಿಗೆ ಬಂದದ್ದು ಡ್ರೈಡನ್ ಕಥೆಯ ಎರಡನೇ ಭಾಗ.

1997ರಲ್ಲಿ ಅವರು ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಅಧ್ಯಕ್ಷರಾದರು. ಮಾಂಟ್ರಿಯಲ್‌ನ ಹಳೆಯ ಎದುರಾಳಿಯಾದ ಲೀಫ್ಸ್, 1967ರ ನಂತರ ಕಪ್ ಕಂಡಿರಲಿಲ್ಲ. ಅಭಿಮಾನಿಗಳು ಆಸನ ಬಿಟ್ಟುಕೊಟ್ಟಿರಲಿಲ್ಲ, ತಂಡ ಮಾತ್ರ ಸೊರಗಿತ್ತು. ಅಷ್ಟರಲ್ಲಿ ಡ್ರೈಡನ್ ಲೇಖಕರಾಗಿಯೂ ಹೆಸರಾಗಿದ್ದರು. 1983ರ ಅವರ ‘ದ ಗೇಮ್’ ಹಾಕಿಯ ಬಗೆಗಿನ ಅತ್ಯುತ್ತಮ ಪುಸ್ತಕಗಳಲ್ಲಿ ಒಂದೆಂದು ಹೆಸರಾಗಿದೆ. ಆಡಳಿತದಲ್ಲೂ ಅವರದು ಬರಹಗಾರನ, ವಕೀಲನ ನಡೆಯೇ: ಎಲ್ಲ ಕಡೆಯ ವಾದ ಕೇಳಬೇಕು, ಅವಸರ ಕೂಡದು. ಆ ಬೇಸಿಗೆಯಿಡೀ ಜನರಲ್ ಮ್ಯಾನೇಜರ್‌ಗಾಗಿ ಹುಡುಕಾಟ ನಡೆಯಿತು. ಕೊನೆಗೆ ಆ ಹುದ್ದೆಯನ್ನೂ ತಾವೇ ಇಟ್ಟುಕೊಂಡು, ದಿನನಿತ್ಯದ ಕೆಲಸಕ್ಕೆ ಮೈಕ್ ಸ್ಮಿತ್ ಅವರನ್ನು ಸಹಾಯಕ್ಕೆ ತೆಗೆದುಕೊಂಡರು. ಆಟಗಾರರನ್ನು ಆರಿಸುವ ಕೊನೆಯ ಮಾತು ಯಾರದೆಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಮೊದಲ ವರ್ಷ ತಂಡ ಪ್ಲೇಆಫ್ ತಲುಪಲಿಲ್ಲ.

1998ರಲ್ಲಿ ಪ್ಯಾಟ್ ಕ್ವಿನ್ ಕೋಚ್ ಆಗಿ ಬಂದರು. ಅವರದೂ ಅದೇ ಜಾತಿಯ ಬದುಕು: ಆಡಿ, ಕೋಚ್ ಆಗಿ, ನಡುವೆ ಕಾನೂನು ಓದಿ ಪದವಿ ಪಡೆದವರು. ಗೋಲ್‌ಕೀಪರ್ ಕರ್ಟಿಸ್ ಜೋಸೆಫ್ ಅವರನ್ನೂ ಆ ವರ್ಷವೇ ಕರೆತರಲಾಯಿತು. ಜೋಸೆಫ್ ಬಂದದ್ದು ಹಳೆಯ ತಂಡದ ಕರಾರು ಮುಗಿದ ಮುಕ್ತ ಆಟಗಾರನಾಗಿ. 1973ರಲ್ಲಿ ಡ್ರೈಡನ್‌ಗೆ ಇಲ್ಲದ ದಾರಿಯಲ್ಲೇ ಈಗ ಅವರ ತಂಡಕ್ಕೆ ಒಬ್ಬ ಗೋಲ್‌ಕೀಪರ್ ಸಿಕ್ಕಿದ್ದ. 1999ರ ಫೆಬ್ರವರಿಯಲ್ಲಿ ತಂಡ 1931ರ ಮೇಪಲ್ ಲೀಫ್ ಗಾರ್ಡನ್ಸ್ ಬಿಟ್ಟು ಹೊಸ ಕ್ರೀಡಾಂಗಣಕ್ಕೆ ಬಂತು; ಅಲ್ಲಿನ ಮೊದಲ ಪಂದ್ಯದಲ್ಲೇ ಮಾಂಟ್ರಿಯಲ್ ಅನ್ನು 3–2ರಿಂದ ಸೋಲಿಸಿತು. ಆ ಸಾಲಿನಲ್ಲಿ 45 ಪಂದ್ಯ ಗೆದ್ದು, ಕಪ್‌ನ ಅಂತಿಮ ಸರಣಿಗೆ ಒಂದೇ ಮೆಟ್ಟಿಲು ಕೆಳಗೆ ನಿಂತಿತು. ಬೇಸಿಗೆಯಲ್ಲಿ ಸ್ಮಿತ್ ಹೊರಟರು, ಜನರಲ್ ಮ್ಯಾನೇಜರ್ ಹುದ್ದೆ ಕ್ವಿನ್ ಕೈಗೆ ಬಂತು. 2002ರಲ್ಲಿ ಮತ್ತೆ ಅದೇ ಮೆಟ್ಟಿಲು, ಮತ್ತೆ ಸೋಲು. 2003ರಲ್ಲಿ ಸಂಸ್ಥೆಯ ಆಡಳಿತ ಬದಲಾಗಿ ಡ್ರೈಡನ್ ಉಪಾಧ್ಯಕ್ಷ ಸ್ಥಾನಕ್ಕೆ ಸರಿದರು.

ಕಪ್ ಒಂದನ್ನೇ ಅಳತೆಗೋಲು ಮಾಡಿದರೆ ಇದು ವಿಫಲವಾದ ಅಧ್ಯಕ್ಷಗಿರಿ. ಆಟಗಾರನಾಗಿ ಆರು ಕಪ್ ಎತ್ತಿದವರು ಅಧ್ಯಕ್ಷರಾಗಿ ಒಂದನ್ನೂ ಎತ್ತಲಿಲ್ಲ. ಆದರೆ ಅವರು ಬಂದಾಗ ಪ್ಲೇಆಫ್‌ನ ಹೊರಗಿದ್ದ ತಂಡ 1999ರಿಂದ ಪ್ರತಿ ವರ್ಷ ಅಲ್ಲಿಗೆ ತಲುಪಿತು. ಸುಧಾರಣೆ ಶುರುವಾದದ್ದು ಕ್ವಿನ್ ಕೋಚ್ ಆಗಿ ಬಂದ ಮೇಲೆ; ಜನರಲ್ ಮ್ಯಾನೇಜರ್ ಅಧಿಕಾರವೂ ಅವರೊಬ್ಬರ ಕೈಗೆ ಬಂದದ್ದು ಅದರ ನಂತರ. ವಾದ ಆಲಿಸುವ ತಾಳ್ಮೆ ಕೋರ್ಟಿನಲ್ಲಿ ಗುಣ. ವಾರಕ್ಕೆ ಮೂರು ಪಂದ್ಯ ಆಡುವ ತಂಡಕ್ಕೆ ಅಷ್ಟು ಕಾಲಾವಕಾಶ ಇರುವುದಿಲ್ಲ.

2004ರಲ್ಲಿ ಡ್ರೈಡನ್ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆರಿಸಿಬಂದು ಸಾಮಾಜಿಕ ಅಭಿವೃದ್ಧಿ ಸಚಿವರಾದರು. ಆ ತಾಳ್ಮೆಗೆ ತಕ್ಕ ಕೆಲಸ ಅಲ್ಲಿ ಸಿಕ್ಕಿತು. ದೇಶದಾದ್ಯಂತ ಶಿಶುಪಾಲನಾ ವ್ಯವಸ್ಥೆಗಾಗಿ ಐದು ವರ್ಷಕ್ಕೆ 500 ಕೋಟಿ ಡಾಲರ್‌ನ ಯೋಜನೆ. ಹತ್ತು ಪ್ರಾಂತ್ಯಗಳ, ಬೇರೆ ಬೇರೆ ಪಕ್ಷಗಳ ಸರ್ಕಾರಗಳೊಂದಿಗೆ ಒಂದೊಂದಾಗಿ ಕೂತು, 2005ರ ಕೊನೆಯ ಹೊತ್ತಿಗೆ ಹತ್ತರ ಸಹಿಯನ್ನೂ ಪಡೆದರು. 2006ರ ಜನವರಿಯ ಚುನಾವಣೆಯಲ್ಲಿ ಸರ್ಕಾರ ಸೋತಿತು. ಹೊಸ ಪ್ರಧಾನಿ ಸ್ಟೀಫನ್ ಹಾರ್ಪರ್ ಆ ಒಪ್ಪಂದಗಳನ್ನು ಕೈಬಿಟ್ಟು, ಆರು ವರ್ಷದೊಳಗಿನ ಪ್ರತಿ ಮಗುವಿಗೆ ತಿಂಗಳಿಗೆ 100 ಡಾಲರ್ ಕೊಡುವ ಯೋಜನೆ ತಂದರು. ಒಂದು ವರ್ಷದ ನೋಟಿಸ್ ಕೊಟ್ಟು ಹೊರಬರಲು ಒಪ್ಪಂದದಲ್ಲೇ ಅವಕಾಶವಿತ್ತು.

1973ರಲ್ಲಿ ಎದ್ದು ಹೊರಟವರು ಡ್ರೈಡನ್. 2006ರಲ್ಲಿ ಎದ್ದು ಹೊರಟದ್ದು ಸರ್ಕಾರ. ಮೊದಲನೆಯದರಿಂದ ಒಂದು ತಂಡ ಒಂದು ಕಪ್ ಕಳೆದುಕೊಂಡಿತು. ಎರಡನೆಯದರಿಂದ ಕೆನಡಾದ ಮಕ್ಕಳು ಹದಿನೈದು ವರ್ಷ ಕಾದರು. ಅಂಥದೇ ಒಪ್ಪಂದಗಳಿಗೆ ಪ್ರಾಂತ್ಯಗಳು ಮತ್ತೆ ಸಹಿ ಹಾಕತೊಡಗಿದ್ದು 2021ರಲ್ಲಿ. 2025ರ ಸೆಪ್ಟೆಂಬರ್ 5ರಂದು ಡ್ರೈಡನ್ ತೀರಿಕೊಂಡಾಗ ಅವರಿಗೆ 78 ವರ್ಷ. ಲೀಫ್ಸ್ ತಂಡ ಅಂದಿಗೂ 1967ರ ನಂತರದ ತನ್ನ ಮೊದಲ ಕಪ್‌ಗಾಗಿ ಕಾಯುತ್ತಿತ್ತು.